ಬಾಡಿಗೆ ಕಾರಿನ ‘ಎಕ್ಸ್‌ಟ್ರಾ ಇನ್ಶೂರೆನ್ಸ್’: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ, ಪ್ರವಾಸ, ಬೆಂಗಳೂರಿನ ಆಸ್ಪತ್ರೆ ಓಡಾಟ ಅಂತ ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ನಮ್ಮ ಕಡೆಯೂ ಹೆಚ್ಚಾಗಿದ್ದಾರೆ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ‘ಪ್ರೊಟೆಕ್ಷನ್ ಪ್ಲಾನ್’ ಎಂದು ಎರಡು ಮೂರು ಆಯ್ಕೆ ಮುಂದೆ ಬರುತ್ತವೆ. ಊರಿನ ಅಂಗಡಿಯಾದರೆ ‘ಇನ್ಶೂರೆನ್ಸ್‌ಗೆ ದಿನಕ್ಕೆ ಮುನ್ನೂರು ಎಕ್ಸ್‌ಟ್ರಾ ಆಗುತ್ತೆ ಸಾರ್’ ಎನ್ನುತ್ತಾರೆ. ಆ ದುಡ್ಡಿನಿಂದ ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ಬಗ್ಗೆ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ.

ಕಾರಿಗೆ ಇನ್ಶೂರೆನ್ಸ್ ಇದ್ದೇ ಇರುತ್ತಲ್ಲ, ಮತ್ತೆ ನಾನ್ಯಾಕೆ ಬೇರೆ ದುಡ್ಡು ಕೊಡಬೇಕು?

ಕಾರಿನ ಪಾಲಿಸಿ ಇರುವುದು ಮಾಲೀಕನ ಹೆಸರಲ್ಲಿ. ವಿಮಾ ಕಂಪನಿಯ ಲೆಕ್ಕಾಚಾರವೆಲ್ಲ ಮಾಲೀಕನ ಜೊತೆಗೇ. ನಿಮ್ಮ ಲೆಕ್ಕ ಇರುವುದು ಬಾಡಿಗೆ ಸಂಸ್ಥೆಯ ಜೊತೆ, ನೀವು ಸಹಿ ಮಾಡಿದ ಅಗ್ರಿಮೆಂಟ್ ಪ್ರಕಾರ. ‘ಕಾರಿಗೆ ಏನೇ ಆದರೂ ಬಾಡಿಗೆದಾರನೇ ಹೊಣೆ’ ಎಂದು ಅದರಲ್ಲಿ ಬರೆದಿದ್ದರೆ ಆ ಹೊಣೆಯನ್ನು ವಿಮಾ ಕಂಪನಿ ಹೊರುವುದಿಲ್ಲ. ಕರಾರಿನಿಂದ ಹುಟ್ಟುವ ಹೊಣೆಗಾರಿಕೆಗೆ ಹಣ ಕೊಡುವುದಿಲ್ಲ ಎಂಬ ಷರತ್ತು ಮೋಟಾರು ಪಾಲಿಸಿಗಳ ಸಾಮಾನ್ಯ ವಿನಾಯಿತಿಗಳ ಪಟ್ಟಿಯಲ್ಲೇ ಇದೆ.

ಹೆಚ್ಚುವರಿ ಪ್ಲಾನ್ ಕೆಲಸ ಮಾಡುವುದು ಇಲ್ಲಿ. ಹಾನಿ ಎಷ್ಟೇ ಆಗಲಿ, ಇಂತಿಷ್ಟು ರೂಪಾಯಿಗಿಂತ ಹೆಚ್ಚು ನಿಮ್ಮಿಂದ ವಸೂಲಿ ಮಾಡುವುದಿಲ್ಲ ಎಂದು ಸಂಸ್ಥೆ ಮಾತು ಕೊಡುತ್ತದೆ. ನೀವು ಕೊಡುವ ಹಣ ಆ ಮಾತಿಗೆ.

ಹಾಗಾದರೆ ಅದು ಇನ್ಶೂರೆನ್ಸೇ ಅಲ್ಲವೇ?

ಬಹುತೇಕ ಅಲ್ಲ. ನಿಜವಾದ ವಿಮೆಯಾದರೆ ಯಾವ ವಿಮಾ ಕಂಪನಿಯದು, ಪಾಲಿಸಿ ಅಥವಾ ಸರ್ಟಿಫಿಕೇಟ್ ನಂಬರ್ ಏನು, ಐಆರ್‌ಡಿಎಐ (ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಸಂಖ್ಯೆ ಏನು ಎಂಬುದು ಕಾಗದದಲ್ಲಿರುತ್ತದೆ. ಇವು ಇಲ್ಲದೆ ಬರೀ ರಸೀದಿಯಲ್ಲಿ ‘ಡ್ಯಾಮೇಜ್ ಕವರ್’ ಎಂದಿದ್ದರೆ ಅದು ಸಂಸ್ಥೆ ಕೊಟ್ಟ ರಿಯಾಯಿತಿಯ ಭರವಸೆ ಅಷ್ಟೆ. ಕೆಟ್ಟದ್ದೇನಲ್ಲ, ಕೊಳ್ಳಬಹುದು. ಆದರೆ ತಕರಾರು ಬಂದಾಗ ಐಆರ್‌ಡಿಎಐಗೋ ವಿಮಾ ಒಂಬುಡ್ಸ್‌ಮನ್‌ಗೋ ದೂರು ಕೊಟ್ಟು ಪ್ರಯೋಜನವಿಲ್ಲ, ದಾರಿ ಗ್ರಾಹಕರ ಆಯೋಗದ್ದು. ಇನ್ನೊಂದು: ಆ ಭರವಸೆ ಬಾಯಿಮಾತಿನಲ್ಲಿದ್ದರೆ ಮುನ್ನೂರು ರೂಪಾಯಿ ದಂಡ ಅಂತಲೇ ತಿಳಿಯಿರಿ. ಮಿತಿ ಎಷ್ಟು ಎಂಬುದನ್ನು ಅಗ್ರಿಮೆಂಟ್‌ನಲ್ಲಿ ಬರೆಸಿ, ಇಲ್ಲವೇ ಕನಿಷ್ಠ ವಾಟ್ಸ್ಆ್ಯಪ್‌ನಲ್ಲಾದರೂ ಅವರಿಂದ ಬರೆಸಿಕೊಳ್ಳಿ.

ಪರಿಚಯದವರ ವೈಟ್ ಬೋರ್ಡ್ ಕಾರು ಕಡಿಮೆ ಬಾಡಿಗೆಗೆ ಸಿಗುತ್ತದೆ. ಅದಕ್ಕೂ ಫುಲ್ ಇನ್ಶೂರೆನ್ಸ್ ಇದೆ. ತೆಗೆದುಕೊಳ್ಳಬಹುದೇ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಾಲು ಇರುತ್ತದೆ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಕಾರು ಹೊಸದಿರಲಿ, ಜೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ಕವರ್) ಇರಲಿ, ಪ್ರೀಮಿಯಂ ನಿನ್ನೆಯೇ ಕಟ್ಟಿರಲಿ, ಬಾಡಿಗೆ ಕೊಟ್ಟು ಓಡಿಸಿದ್ದು ಗೊತ್ತಾದರೆ ಕಾರಿನ ಹಾನಿಯ ಕ್ಲೇಮನ್ನು ತಿರಸ್ಕರಿಸಲು ಕಂಪನಿಗೆ ಅದೊಂದೇ ಸಾಕು. ಗೊತ್ತಾಗುವುದು ಕಷ್ಟವೇನಲ್ಲ. ದೊಡ್ಡ ಕ್ಲೇಮ್ ಆದರೆ ತನಿಖೆಗೆ ಬಂದವರು ಓಡಿಸುತ್ತಿದ್ದವರು ಯಾರು, ಮಾಲೀಕರಿಗೆ ಏನಾಗಬೇಕು ಎಂದು ಕೇಳುತ್ತಾರೆ. ನೀವು ಕಳಿಸಿದ ಯುಪಿಐ ಪಾವತಿಯೂ ದಾಖಲೆಯೇ.

ಮೂರನೆಯವರಿಗೆ, ಅಂದರೆ ನೀವು ಗುದ್ದಿದವರಿಗೆ, ಪೆಟ್ಟಾದರೆ ವಿಷಯ ಇನ್ನೂ ದೊಡ್ಡದು. ಷರತ್ತು ಮುರಿದಿದ್ದರೂ ಗಾಯಾಳುವಿಗೆ ಮೊದಲು ವಿಮಾ ಕಂಪನಿ ಪರಿಹಾರ ಕೊಡಲಿ, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಎಷ್ಟೋ ಪ್ರಕರಣಗಳಲ್ಲಿ ಹೇಳಿವೆ. ಲಕ್ಷಗಟ್ಟಲೆ ವಸೂಲಿಗೆ ನೋಟಿಸ್ ಬಂದ ಮೇಲೆ ಆ ಪರಿಚಯದವರು ನಿಮ್ಮ ಮನೆ ಬಾಗಿಲಿಗೆ ಬರದೇ ಇರುವುದಿಲ್ಲ.

ಸೆಲ್ಫ್ ಡ್ರೈವ್ ಬಾಡಿಗೆಗೆ ಪರವಾನಗಿ ಇರುವ ಕಾರಿನ ಗುರುತು ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ. ಡ್ರೈವರ್ ಸಮೇತ ಬರುವ ಟ್ಯಾಕ್ಸಿಗೆ ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ. ಬಿಳಿ ಬೋರ್ಡಿನ ಮೇಲೆ ಕಪ್ಪು ಅಕ್ಷರವಿದ್ದರೆ ಸ್ವಂತ ಬಳಕೆಯ ಕಾರು. ಕೆಎ 17 ಇರಲಿ, ಕೆಎ 16 ಇರಲಿ, ಬೆಂಗಳೂರಿನ ನಂಬರ್ ಇರಲಿ, ಮೊದಲು ನೋಡಬೇಕಾದ್ದು ಬೋರ್ಡಿನ ಬಣ್ಣ.

ಬೋರ್ಡ್ ನೋಡಿದೆ. ಪಾಲಿಸಿ ಚಾಲ್ತಿಯಲ್ಲಿದೆಯೇ ಎಂದು ತಿಳಿಯುವುದು ಹೇಗೆ?

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ವಾಹನದ ವರ್ಗ, ವಿಮೆಯ ಕೊನೆಯ ದಿನ, ಎಫ್‌ಸಿ, ಎಮಿಷನ್ ಸರ್ಟಿಫಿಕೇಟ್ ಅವಧಿ ಕಾಣುತ್ತವೆ. ವರ್ಗದಲ್ಲಿ ‘ಮೋಟರ್ ಕ್ಯಾಬ್’ ಎಂದಿರಬೇಕು. ‘ಮೋಟರ್ ಕಾರ್’ ಎಂದಿದ್ದರೆ ಬೋರ್ಡಿಗೆ ಯಾವ ಬಣ್ಣ ಬಳಿದಿದ್ದರೂ ದಾಖಲೆಯಲ್ಲಿ ಅದು ಖಾಸಗಿ ಗಾಡಿ. ನಿಮ್ಮ ಪ್ರವಾಸ ಮುಗಿಯುವ ದಿನದವರೆಗೂ ವಿಮೆ ಇರಬೇಕು, ಹೊರಡುವ ದಿನ ಇದ್ದರೆ ಸಾಲದು. ವಿಮೆ ಇಲ್ಲದ ಗಾಡಿ ಓಡಿಸಿದರೆ ಓಡಿಸಿದವರ ಮೇಲೂ ಕೇಸ್: ಕಾನೂನಿನಲ್ಲಿ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆರ್‌ಸಿ, ಪಾಲಿಸಿಯ ಪ್ರತಿಗಳನ್ನು ನಿಮ್ಮ ಮೊಬೈಲ್‌ಗೆ ಕಳಿಸಿಕೊಂಡೇ ಹೊರಡಿ.

‘ಫುಲ್ ಇನ್ಶೂರೆನ್ಸ್’ ಅಂದರೆ ಎಲ್ಲವೂ ಬರುತ್ತದೆ ಅಂತಲೇ?

ಹಾಗೊಂದು ಪಾಲಿಸಿಯೇ ಇಲ್ಲ, ಅದು ಬೀದಿಯ ಮಾತು. ಥರ್ಡ್ ಪಾರ್ಟಿ ಎನ್ನುವುದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ. ಅದು ನೀವು ಗುದ್ದಿದವರಿಗೆ, ಅವರ ಗಾಡಿಗೆ, ಗೋಡೆಗೆ. ಆಸ್ತಿ ಹಾನಿಗೆ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 7.5 ಲಕ್ಷದ ಮಿತಿ ಇರುತ್ತದೆ. ಜನ ಫುಲ್ ಎನ್ನುವುದು ಪ್ಯಾಕೇಜ್ ಪಾಲಿಸಿಗೆ. ಥರ್ಡ್ ಪಾರ್ಟಿಯ ಜೊತೆ ಕಾರಿನ ಸ್ವಂತ ಹಾನಿ, ಬೆಂಕಿ, ಕಳ್ಳತನ ಅದರಲ್ಲಿ ಸೇರುತ್ತವೆ. ಜೀರೋ ಡೆಪ್, ಎಂಜಿನ್ ಪ್ರೊಟೆಕ್ಟ್, ಟೈರ್ ಕವರ್ ಎಲ್ಲ ಅದರ ಮೇಲೆ ಮಾಲೀಕ ಬೇರೆ ದುಡ್ಡು ಕೊಟ್ಟು ಹಾಕಿಸಬೇಕಾದವು. ಬಾಡಿಗೆದಾರರಾಗಿ ನೀವು ಎರಡು ದಿನದ ಮಟ್ಟಿಗೆ ಅವನ್ನು ಸೇರಿಸಲು ಆಗುವುದಿಲ್ಲ. ಇದೆಯೋ ಇಲ್ಲವೋ ಎಂದು ಪಾಲಿಸಿಯ ಪ್ರತಿಯಲ್ಲಿ ನೋಡಬಹುದು ಅಷ್ಟೆ.

ಪ್ಯಾಕೇಜ್ ಪಾಲಿಸಿ ಇದ್ದೂ ನನ್ನ ಕೈಯಿಂದ ಸಾವಿರಾರು ರೂಪಾಯಿ ಹೋಗುವುದು ಹೇಗೆ?

ಒಂದು ಲೆಕ್ಕ ಹಾಕಿ ನೋಡೋಣ. ಮೂರೂವರೆ ವರ್ಷದ ಕಾರು, ಜೀರೋ ಡೆಪ್ ಇಲ್ಲ. ಹಿರಿಯೂರಿನ ಹತ್ತಿರ ಮುಂದಿನ ಲಾರಿ ಸಡನ್ನಾಗಿ ಬ್ರೇಕ್ ಹಾಕಿತು, ಕಾರಿನ ಮುಂಭಾಗ ಹೋಯಿತು ಎಂದುಕೊಳ್ಳಿ. ಜಿಎಸ್‌ಟಿ ಬಿಟ್ಟು ಬಿಲ್ ಹೀಗಿದೆ: ಬಂಪರ್ 8,000, ಬಾನೆಟ್ 10,000, ಪೇಂಟಿಂಗ್ 12,000, ಟಿಂಕರಿಂಗ್ ಮತ್ತು ಕೂಲಿ 5,000. ಒಟ್ಟು 35,000.

ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಕಡಿತ (ಭಾಗ ಹಳತಾದದ್ದಕ್ಕೆ ಕಳೆಯುವ ಮೊತ್ತ) 50 ಶೇಕಡಾ. ಹಾಗಾಗಿ ಬಂಪರ್‌ನಲ್ಲಿ 4,000 ಬರುವುದಿಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸು ನೋಡಿ ಕಡಿತ. ಮೂರರಿಂದ ನಾಲ್ಕು ವರ್ಷದ ಕಾರಿಗೆ 25 ಶೇಕಡಾ, ಅಂದರೆ ಬಾನೆಟ್‌ನಲ್ಲಿ 2,500. ಪೇಂಟಿಂಗ್ ಬಿಲ್ ಒಟ್ಟಾಗಿ ಕೊಟ್ಟರೆ ಅದರ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ: 1,500. ಪ್ರತಿ ಕ್ಲೇಮ್‌ನಲ್ಲೂ ಕಳೆಯುವ ಪಾಲಿಸಿಯ ಕಡ್ಡಾಯ ಕಡಿತ 1,000 ಎಂದಿಟ್ಟುಕೊಳ್ಳಿ. ಒಟ್ಟು 9,000 ಕಡಿತವಾಗಿ ಕಂಪನಿ ಕೊಡುವುದು 26,000.

ಆ 9,000 ನಿಮ್ಮ ತಲೆಗೆ. ಅಷ್ಟಕ್ಕೇ ನಿಂತರೆ ಪುಣ್ಯ. ಕಾರು ಆರು ದಿನ ಗ್ಯಾರೇಜಿನಲ್ಲಿ ನಿಂತಿತು, ದಿನಕ್ಕೆ 1,800 ಬಾಡಿಗೆ ಹೋಯಿತು ಎಂದು 10,800 ಸೇರಿಸುತ್ತಾರೆ. ಹೀಗೆ ಪರೋಕ್ಷವಾಗಿ ಆಗುವ ನಷ್ಟವನ್ನು ಯಾವ ಮಾಮೂಲಿ ಪಾಲಿಸಿಯೂ ಕೊಡುವುದಿಲ್ಲ, ಮಾಲೀಕ ಅದನ್ನು ಅಗ್ರಿಮೆಂಟ್ ಮೂಲಕ ನಿಮ್ಮ ಮೇಲೆ ಹಾಕಿರುತ್ತಾನೆ. ಈಗ 19,800 ಆಯಿತು. ಕೆಲವು ಅಗ್ರಿಮೆಂಟ್‌ಗಳಲ್ಲಿ ಕ್ಲೇಮ್ ಮಾಡಿದ್ದರಿಂದ ತಪ್ಪಿಹೋದ ನೋ ಕ್ಲೇಮ್ ಬೋನಸ್ಸನ್ನೂ (ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೇಳುತ್ತಾರೆ.

ಆದ್ದರಿಂದ ಪ್ಲಾನ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ‘ಈ ಮಿತಿಯೊಳಗೆ ಗ್ಯಾರೇಜ್ ದಿನಗಳ ಬಾಡಿಗೆಯೂ ಸೇರಿದೆಯೇ?’ ಸೇರಿಲ್ಲವೆಂದರೆ ಮಿತಿ ಹತ್ತು ಸಾವಿರ ಎಂದು ಬರೆದಿದ್ದರೂ ಅದಕ್ಕೆ ಅರ್ಥವೇ ಇಲ್ಲ.

ಮೂರು ಪ್ಲಾನ್‌ಗಳಲ್ಲಿ ಯಾವುದು ತೆಗೆದುಕೊಳ್ಳಲಿ?

ಉದಾಹರಣೆಗೆ ಮೊದಲನೆಯದರಲ್ಲಿ ಹೆಚ್ಚುವರಿ ಹಣವಿಲ್ಲ, ಹಾನಿಗೆ ಮಿತಿಯೂ ಇಲ್ಲ. ಎರಡನೆಯದು ದಿನಕ್ಕೆ 350, ಮಿತಿ 10,000. ಮೂರನೆಯದು ದಿನಕ್ಕೆ 700, ಮಿತಿ 2,000. ಎರಡು ದಿನದ ಪ್ರವಾಸಕ್ಕೆ ಎರಡನೆಯದಕ್ಕಿಂತ ಮೂರನೆಯದಕ್ಕೆ 700 ಹೆಚ್ಚು ಕೊಡುತ್ತೀರಿ, ಅದರಿಂದ ಉಳಿಯಬಹುದಾದ್ದು ಗರಿಷ್ಠ 8,000. ಹತ್ತು ದಿನ ಇಟ್ಟುಕೊಂಡರೆ ಅದೇ 8,000ಕ್ಕಾಗಿ 3,500 ಹೆಚ್ಚು ಕೊಟ್ಟಂತಾಯಿತು. ದಿನ ಹೆಚ್ಚಿದಷ್ಟೂ ದುಬಾರಿ ಪ್ಲಾನ್ ಗಿಟ್ಟುವುದು ಕಡಿಮೆ.

ನಮ್ಮ ಅಭಿಪ್ರಾಯ ಕೇಳಿದರೆ, ಮಿತಿಯೇ ಇಲ್ಲದ ಮೊದಲನೆಯದು ಯಾರಿಗೂ ಬೇಡ. ಎನ್‌ಎಚ್ 48ರಲ್ಲಿ ಬೆಂಗಳೂರಿಗೆ ಹೋಗಿ ಬರುವ ಪಳಗಿದ ಕೈಗೆ ಮಧ್ಯದ್ದು ಸಾಕು. ಗೋಕರ್ಣ, ಆಗುಂಬೆ, ಚಿಕ್ಕಮಗಳೂರಿನ ಬೆಟ್ಟ ಅಂತ ಹೋಗುವವರು, ಹೊಸದಾಗಿ ಡ್ರೈವಿಂಗ್ ಕಲಿತವರು, ಮದುವೆ ಛತ್ರದ ಮುಂದೆ ಇಕ್ಕಟ್ಟಿನಲ್ಲಿ ನಾಲ್ಕು ಸಲ ಪಾರ್ಕ್ ಮಾಡಬೇಕಾದವರು ಮೇಲಿನದನ್ನೇ ತೆಗೆದುಕೊಳ್ಳಲಿ. ಬಾಡಿಗೆ ಕಾರಿನ ಜಗಳ ಹೆಚ್ಚು ಹುಟ್ಟುವುದು ಹೈವೇ ಅಪಘಾತದಿಂದಲ್ಲ, ರಿವರ್ಸ್ ತೆಗೆಯುವಾಗ ಬಂಪರ್ ಮೂಲೆ ತಾಗುವುದರಿಂದ.

ದುಬಾರಿ ಪ್ಲಾನ್ ತೆಗೆದುಕೊಂಡರೆ ನಿಶ್ಚಿಂತೆಯೇ?

ಸಣ್ಣ ಅಕ್ಷರ ಓದಿದ ಮೇಲೆ ಹೇಳಬಹುದು. ಸಾಮಾನ್ಯವಾಗಿ ಹೊರಗಿಡುವವು ಇವು: ಟೈರ್ ಮತ್ತು ರಿಮ್, ಗಾಜು, ಕಾರಿನ ಅಡಿಭಾಗ, ನೀರು ನುಗ್ಗಿದ ಎಂಜಿನ್, ಕಳೆದುಹೋದ ಕೀ, ತಪ್ಪು ಇಂಧನ, ಸೀಟಿನ ಮೇಲಿನ ಕಲೆ. ಆಮೇಲೆ ಭರವಸೆಯನ್ನೇ ರದ್ದು ಮಾಡುವ ಸಂಗತಿಗಳು: ಮದ್ಯ ಕುಡಿದು ಓಡಿಸುವುದು, ಅಗ್ರಿಮೆಂಟ್‌ನಲ್ಲಿ ಹೆಸರಿಲ್ಲದವರು ಓಡಿಸುವುದು, ನಿಗದಿತ ವೇಗ ಮೀರಿದ್ದು ಜಿಪಿಎಸ್‌ನಲ್ಲಿ ದಾಖಲಾಗುವುದು, ಅಪಘಾತವನ್ನು ತಕ್ಷಣ ತಿಳಿಸದಿರುವುದು, ಹೇಳದೆ ಹೊರಗೆ ರಿಪೇರಿ ಮಾಡಿಸುವುದು.

ಮದ್ಯದ ವಿಷಯದಲ್ಲಿ ವಿಮಾ ಕಂಪನಿಯೂ ಕೈ ಎತ್ತುತ್ತದೆ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ.

ಟೈರ್ ಬಗ್ಗೆ ಒಂದು ಮಾತು. ಮಾಮೂಲಿ ಪಾಲಿಸಿಯಲ್ಲಿ ಟೈರ್ ಒಂದೇ ಕಿತ್ತುಹೋದರೆ ಬಿಡಿಗಾಸೂ ಬರುವುದಿಲ್ಲ. ಅದೇ ಅಪಘಾತದಲ್ಲಿ ಕಾರಿಗೂ ಪೆಟ್ಟಾಗಿದ್ದರೆ ಟೈರಿನ ಬೆಲೆಯ ಅರ್ಧ ಮಾತ್ರ. ಗುಂಡಿಯ ಅಂಚು ಹೊಡೆದು ಟೈರಿನ ಪಕ್ಕದ ಗೋಡೆ ಉಬ್ಬಿದರೆ ಪ್ಯಾಚ್ ಹಾಕಲು ಬರುವುದಿಲ್ಲ, ಹೊಸ ಟೈರೇ ಬೇಕು. ಅದಕ್ಕೇ ಗಾಡಿ ತೆಗೆದುಕೊಳ್ಳುವಾಗ ನಾಲ್ಕೂ ಟೈರಿನ ಪಕ್ಕದ ಗೋಡೆಯ ಫೋಟೋ ಬೇಕು.

ಅಡಿಭಾಗಕ್ಕೆ ಕಲ್ಲು ಬಡಿದರೆ ಏನಾಗುತ್ತದೆ? ಕ್ಲೇಮ್ ತಿರಸ್ಕರಿಸಿದರು ಎಂಬ ದೂರು ಇದರಲ್ಲೇ ಜಾಸ್ತಿ ಯಾಕೆ?

ಸೂಳೆಕೆರೆ ಸುತ್ತಲಿನ ಹಳ್ಳಿ ರಸ್ತೆಗಳಲ್ಲೋ ಜೋಗಿಮಟ್ಟಿ ದಾರಿಯಲ್ಲೋ ಎತ್ತರದ ಹಂಪ್, ಎದ್ದ ಜಲ್ಲಿ ಸಿಕ್ಕೇ ಸಿಗುತ್ತವೆ. ಐದು ಜನ ಮತ್ತು ಡಿಕ್ಕಿ ತುಂಬ ಲಗೇಜ್ ಇದ್ದರೆ ಕಾರು ಇನ್ನಷ್ಟು ಕೆಳಗಿಳಿದಿರುತ್ತದೆ. ‘ಠಣ್’ ಎಂದು ಒಂದು ಸದ್ದು. ಎಂಜಿನ್ ಕೆಳಗಿನ ಆಯಿಲ್ ಸಂಪ್‌ನಲ್ಲಿ ಕೂದಲೆಳೆಯಷ್ಟು ಸೀಳು ಬಿದ್ದರೂ ಸಾಕು, ಆಯಿಲ್ ಸೋರಲು ಶುರು. ನಾಲ್ಕೈದು ಕಿಲೋಮೀಟರ್ ಆದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯಂಥ ಕೆಂಪು ದೀಪ ಹತ್ತುತ್ತದೆ.

ಇಲ್ಲಿ ಜನ ಮಾಡುವ ಎಡವಟ್ಟು ‘ಮುಂದಿನ ಊರಲ್ಲಿ ಗ್ಯಾರೇಜ್ ಇರುತ್ತೆ, ಅಲ್ಲಿ ತನಕ ಹೋಗೋಣ’ ಎನ್ನುವುದು. ಆಯಿಲ್ ಒತ್ತಡವಿಲ್ಲದೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಸೀಜ್ ಆಗಬಹುದು. ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡಿದಾಗ ಲೆಕ್ಕ ಎರಡಾಗುತ್ತದೆ. ಕಲ್ಲು ಬಡಿದು ಒಡೆದ ಸಂಪ್ ಅಪಘಾತದ ಹಾನಿ, ಕೊಡುತ್ತಾರೆ. ಕೆಲವು ಸಾವಿರದ ಬಾಬತ್ತು. ಸೀಜ್ ಆದ ಎಂಜಿನ್ ಆಮೇಲೆ ಓಡಿಸಿದ್ದರ ಫಲ, ಕೊಡುವುದಿಲ್ಲ; ಅದು ಲಕ್ಷ ಮುಟ್ಟುವ ಬಾಬತ್ತು. ಬಾಡಿಗೆ ಸಂಸ್ಥೆಯ ಪ್ಲಾನ್ ಕೂಡ ಇದನ್ನು ‘ನಿರ್ಲಕ್ಷ್ಯ’ ಎಂದು ಹೊರಗಿಡುತ್ತದೆ.

ಸದ್ದು ಕೇಳಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಕೆಳಗೆ ನೋಡಿ. ಏಸಿಯ ನೀರು ತೊಟ್ಟಿಕ್ಕುವುದು ಮಾಮೂಲಿ, ಅದು ಬಣ್ಣವಿಲ್ಲದ್ದು, ಬೆರಳಿಗೆ ಜಿಡ್ಡು ಹತ್ತುವುದಿಲ್ಲ. ಕಂದು ಅಥವಾ ಕಪ್ಪಗೆ ಜಿಡ್ಡಾಗಿದ್ದರೆ ಫೋಟೋ ತೆಗೆದು ಸಂಸ್ಥೆಗೆ ಕಳಿಸಿ, ಟೋಯಿಂಗ್ ಗಾಡಿ ಬರುವವರೆಗೆ ಕೀ ಮುಟ್ಟಬೇಡಿ.

ಮಳೆಗಾಲದಲ್ಲಿ ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತಾಗಲೂ ಇದೇ ಸೂತ್ರ. ನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿ. ಸಿಲಿಂಡರ್‌ಗೆ ನೀರು ಹೊಕ್ಕಿದ್ದರೆ ಸ್ಟಾರ್ಟ್ ಮಾಡಿದ ಆ ಒಂದು ಸಲಕ್ಕೇ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಟ್ ಇಲ್ಲದ ಪಾಲಿಸಿಯಲ್ಲಿ ಅದಕ್ಕೆ ಹಣ ಹುಟ್ಟುವುದು ಕಷ್ಟ.

ರಸ್ತೆಯ ಮೇಲೆ ಹರಡಿದ ಬೆಳೆಯ ಮೇಲೆ ಓಡಿಸಿದರೆ ತೊಂದರೆಯೇ?

ಸುಗ್ಗಿಯಲ್ಲಿ ನಮ್ಮ ಎರಡೂ ಜಿಲ್ಲೆಯ ಹಳ್ಳಿ ರಸ್ತೆಗಳು ಕಣವಾಗುತ್ತವೆ. ಮೆಕ್ಕೆಜೋಳದ ಕಾಳು ಜಾರುತ್ತದೆ, ಬ್ರೇಕ್ ನಿಧಾನವಾಗಿ ಹಿಡಿದರೆ ಸಾಕು. ಅಪಾಯ ಇರುವುದು ಹುರುಳಿ, ರಾಗಿಯಂಥ ಒಣ ಹುಲ್ಲಿನಲ್ಲಿ. ಅದು ಆ್ಯಕ್ಸಲ್‌ಗೆ ಸುತ್ತಿಕೊಂಡು ಕಾದ ಸೈಲೆನ್ಸರ್ ಪೈಪಿಗೆ ತಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಬೆಂಕಿ ಪ್ಯಾಕೇಜ್ ಪಾಲಿಸಿಯಲ್ಲಿ ಬರುತ್ತದೆ. ಬಾಡಿಗೆ ಪ್ಲಾನ್‌ನಲ್ಲಿ ಬರುತ್ತದೆಯೇ ಎಂಬುದು ‘ನಿರ್ಲಕ್ಷ್ಯ’ ಎಂಬ ಪದವನ್ನು ಅವರು ಎಷ್ಟು ಎಳೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಬೇರೆ ದಾರಿ ಇದ್ದರೆ ಸುತ್ತಿಕೊಂಡು ಹೋಗಿ. ದಾಟಲೇಬೇಕಾದರೆ, ದಾಟಿದ ಮೇಲೆ ಇಳಿದು ಕೆಳಗೆ ಸಿಕ್ಕಿದ ಹುಲ್ಲನ್ನು ಕೋಲಿನಿಂದ ಎಳೆದು ಹಾಕಿ.

ನನ್ನ ಡಿಎಲ್ ಎಲ್‌ಎಂವಿ (ಲಘು ಮೋಟಾರು ವಾಹನ). ಬ್ಲ್ಯಾಕ್ ಬೋರ್ಡ್ ಕಾರಿಗೆ ಬ್ಯಾಡ್ಜ್ (ಸಾರಿಗೆ ವಾಹನ ಓಡಿಸಲು ಪ್ರತ್ಯೇಕ ಅನುಮತಿ) ಬೇಕೇ?

ಬೇಡ. ಎಲ್‌ಎಂವಿ ಲೈಸೆನ್ಸ್ ಇರುವವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಎತ್ತಿಹಿಡಿದಿದೆ. ಆದರೆ ಎಲ್‌ಎಲ್‌ಆರ್ ಮೇಲೆ ಬಾಡಿಗೆ ಕಾರು ಓಡಿಸಬೇಡಿ. ಡಿಎಲ್ ಅವಧಿ ಮುಗಿದಿದ್ದರೆ ಕ್ಲೇಮ್ ಅಲ್ಲಿಗೇ ಬಿತ್ತು.

ದೂರದ ಪ್ರಯಾಣ, ತಮ್ಮನೂ ಸ್ವಲ್ಪ ಹೊತ್ತು ಓಡಿಸುತ್ತಾನೆ. ಪರವಾಗಿಲ್ಲವೇ?

ಅವನ ಹೆಸರು, ಡಿಎಲ್ ಅಗ್ರಿಮೆಂಟ್‌ನಲ್ಲಿ ಸೇರಿಸಿ. ವಿಮಾ ಪಾಲಿಸಿಗೆ ಸರಿಯಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ನಡೆಯುತ್ತದೆ. ಬಾಡಿಗೆ ಪ್ಲಾನ್‌ಗೆ ನಡೆಯುವುದಿಲ್ಲ. ಎರಡನೇ ಡ್ರೈವರ್‌ಗೆ ನೂರಿನ್ನೂರು ಕೇಳಿದರೆ ಕೊಟ್ಟುಬಿಡಿ. ಅಪಘಾತವಾದ ಮೇಲೆ ‘ನಾನೇ ಓಡಿಸುತ್ತಿದ್ದೆ’ ಎಂದು ಸೀಟು ಬದಲಿಸುವುದು ಮಾತ್ರ ಬೇಡವೇ ಬೇಡ. ಅದು ಸುಳ್ಳು ಹೇಳಿಕೆ, ಟೋಲ್ ಕ್ಯಾಮೆರಾ ಒಂದೇ ಅದನ್ನು ಬಯಲು ಮಾಡುತ್ತದೆ.

ರಾಜ್ಯದ ಗಡಿ ದಾಟಿದರೆ?

ಕಾರಿನ ವಿಮೆ ದೇಶದ ತುಂಬ ನಡೆಯುತ್ತದೆ. ತೊಡಕಿರುವುದು ಪರ್ಮಿಟ್, ತೆರಿಗೆ ಮತ್ತು ಅಗ್ರಿಮೆಂಟ್‌ನಲ್ಲಿ. ಗೋವಾಕ್ಕೆ ಹೋಗುವವರು ಹೇಗೂ ಕೇಳಿಕೊಂಡೇ ಹೋಗುತ್ತಾರೆ. ಚಿತ್ರದುರ್ಗದವರಿಗೆ ಆಂಧ್ರ ಎಷ್ಟು ಹತ್ತಿರವೆಂದರೆ, ಮೊಳಕಾಲ್ಮೂರಿಗೆ ಹೋದವರು ರಾಯದುರ್ಗಕ್ಕೆ ಹೋಗಿಬರುವಾಗ ರಾಜ್ಯ ದಾಟಿದ್ದೇ ಲಕ್ಷ್ಯಕ್ಕೆ ಬರುವುದಿಲ್ಲ. ಜಿಪಿಎಸ್‌ಗೆ ಬರುತ್ತದೆ. ಮೊದಲೇ ಮೆಸೇಜ್ ಹಾಕಿ ಒಪ್ಪಿಗೆ ಪಡೆಯಿರಿ.

ಓಡಿಸುವ ನನಗೇ ಪೆಟ್ಟಾದರೆ ಯಾರು ಕೊಡುತ್ತಾರೆ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಎಲ್ಲರೂ. ಪಾಲಿಸಿಯಲ್ಲಿ ಕಾಣುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ‘ಮಾಲೀಕ-ಚಾಲಕ’ನಿಗೆ. ಬಾಡಿಗೆಗೆ ತಂದು ಓಡಿಸುವ ನೀವು ಮಾಲೀಕರಲ್ಲ, ಆ ಹಣ ನಿಮಗೆ ಬರುವುದಿಲ್ಲ. ಹಾಗಂತ ಥರ್ಡ್ ಪಾರ್ಟಿ ಎಂದು ಪರಿಹಾರ ಕೇಳಲೂ ದಾರಿ ಇಕ್ಕಟ್ಟು. ಎರವಲು ಪಡೆದ ಬೈಕ್ ಓಡಿಸುವಾಗ ಸತ್ತವರ ಕುಟುಂಬ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ, ಗಾಡಿಯನ್ನು ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಂತಂತೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ತಪ್ಪು ಎದುರಿನ ಗಾಡಿಯದಾದರೆ ಅದರ ವಿಮೆಯಿಂದ ಕೇಳಬಹುದು, ಅದು ಬೇರೆ.

ಸೆಲ್ಫ್ ಆ್ಯಕ್ಸಿಡೆಂಟ್ ಆದರೆ ನಿಮ್ಮನ್ನು ಕಾಯುವುದು ನಿಮ್ಮದೇ ಹೆಸರಿನ ವೈಯಕ್ತಿಕ ಅಪಘಾತ ಪಾಲಿಸಿ ಮತ್ತು ಆರೋಗ್ಯ ವಿಮೆ. ಬಾಡಿಗೆ ಸಂಸ್ಥೆ ಪ್ಲಾನ್‌ನಲ್ಲೇ ಅಪಘಾತ ವಿಮೆ ಇದೆ ಎಂದರೆ ವಿಮಾ ಕಂಪನಿಯ ಹೆಸರು ಕೇಳಿ. ಏನೂ ಇಲ್ಲದವರು ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗಾದರೂ ಸೇರಲಿ: 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ, ಅಷ್ಟು ಹೊತ್ತಿಗೆ ಖಾತೆಯಲ್ಲಿ ಹಣವಿರಬೇಕು.

ಕಾರು ತೆಗೆದುಕೊಳ್ಳುವಾಗ ಏನೇನು ನೋಡಬೇಕು?

ಮೊದಲು ಒದ್ದೆ ಬಟ್ಟೆ ಕೇಳಿ. ನಮ್ಮ ಕಡೆಯ ಧೂಳಿನಡಿ ಹಳೆಯ ಗೀರು ಕಾಣುವುದಿಲ್ಲ, ವಾಪಸ್ ಕೊಡುವಾಗ ಅವರು ತೊಳೆದು ನೋಡುತ್ತಾರೆ. ಬಂಪರ್‌ಗಳ ನಾಲ್ಕು ಮೂಲೆ, ಬಾಗಿಲ ಅಂಚು, ಕನ್ನಡಿಗಳನ್ನು ಒರೆಸಿ. ಆಮೇಲೆ ಒಂದೇ ಉಸಿರಿಗೆ, ನಿಲ್ಲಿಸದೆ, ಕಾರಿನ ಸುತ್ತ ವಿಡಿಯೋ ಮಾಡಿ: ನಂಬರ್ ಪ್ಲೇಟ್‌ನಿಂದ ಶುರು ಮಾಡಿ ಅಲ್ಲಿಗೇ ಮುಗಿಸಿ. ರಿಮ್, ಛಾವಣಿ, ಮುಂದಿನ ಗಾಜನ್ನು ಪಕ್ಕದಿಂದ ಓರೆಯಾಗಿ ತೋರಿಸಿ, ಚಿಕ್ಕ ಚಿಪ್ ನೇರಕ್ಕೆ ಕಾಣುವುದಿಲ್ಲ. ಅದಿರು, ಜಲ್ಲಿ ಲಾರಿಗಳ ಹಿಂದೆ ಓಡಿದ ಕಾರುಗಳಲ್ಲಿ ಅಂಥ ಚಿಪ್ ಇದ್ದೇ ಇರುತ್ತದೆ. ಬಿಸಿಲಿಗೆ ಕಾದ ಗಾಜಿಗೆ ಏಸಿ ಗಾಳಿ ಬಡಿದಾಗ ಅದು ಬಿರುಕಾಗಿ ಹರಿಯುತ್ತದೆ, ದುಡ್ಡು ನಿಮ್ಮಿಂದ ಕೇಳುತ್ತಾರೆ. ಮೊಬೈಲನ್ನು ಕಾರಿನ ಕೆಳಗೆ ಹಿಡಿದು ಅಡಿಭಾಗವನ್ನೂ ತೆಗೆಯಿರಿ. ಕೊನೆಗೆ ಎಂಜಿನ್ ಸ್ಟಾರ್ಟ್ ಮಾಡಿ ಮೀಟರ್, ಇಂಧನದ ಮುಳ್ಳು, ಹತ್ತಿಕೊಂಡೇ ಇರುವ ದೀಪಗಳು. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್, ಪಾನಾ.

ವಿಡಿಯೋವನ್ನು ಹೊರಡುವ ಮುಂಚೆಯೇ ಅವರ ನಂಬರಿಗೆ ಕಳಿಸಿ. ನಿಮ್ಮ ಮೊಬೈಲಿನಲ್ಲೇ ಇದ್ದರೆ ಸಮಯದ ಬಗ್ಗೆ ವಾದ ಹುಟ್ಟುತ್ತದೆ. ವಾಪಸ್ ಕೊಡುವಾಗಲೂ ಇಷ್ಟೇ, ಹಾಗೂ ‘ಕಾರು ಸರಿಯಾಗಿದೆ’ ಎಂಬ ಒಂದು ಸಾಲಿನ ಮೆಸೇಜ್. ಎರಡು ದಿನ ಬಿಟ್ಟು ಬರುವ ‘ಹೊಸ ಸ್ಕ್ರ್ಯಾಚ್’ ಬಿಲ್‌ಗೆ ಇದೇ ಉತ್ತರ.

ಡೆಪಾಸಿಟ್ ಬದಲು ಖಾಲಿ ಚೆಕ್ ಕೊಡಿ ಅಥವಾ ಬೈಕ್ ಬಿಟ್ಟು ಹೋಗಿ ಎನ್ನುತ್ತಾರೆ. ಕೊಡಲೇ?

ಸಹಿ ಮಾಡಿದ ಖಾಲಿ ಚೆಕ್ ಕೊಡಬೇಡಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ ಹಾಗೆ ಕೊಟ್ಟವರು ಅದನ್ನು ತುಂಬಿಕೊಳ್ಳುವ ಅಧಿಕಾರವನ್ನೇ ಕೊಟ್ಟಂತಾಗುತ್ತದೆ, ಬೌನ್ಸ್ ಆದರೆ 138ನೇ ಸೆಕ್ಷನ್ ಕೇಸ್. ನಿಮ್ಮ ಡ್ಯಾಮೇಜ್ ಪ್ಲಾನ್‌ನ ಮಿತಿ 2,000 ಇದ್ದು ಚೆಕ್ ಖಾಲಿ ಇದ್ದರೆ ಆ ಮಿತಿಗೆ ಬೆಲೆ ಎಲ್ಲಿ? ಕೊಡಲೇಬೇಕಾದರೆ ಮೊತ್ತ, ಹೆಸರು ಬರೆದು, ಅಡ್ಡಗೆರೆ ಎಳೆದು, ಹಿಂದೆ ‘ಇಂಥ ಕಾರಿನ ಡೆಪಾಸಿಟ್’ ಎಂದು ಬರೆದು ಫೋಟೋ ಇಟ್ಟುಕೊಳ್ಳಿ. ಯುಪಿಐ ಡೆಪಾಸಿಟ್ ಎಲ್ಲಕ್ಕಿಂತ ವಾಸಿ. ಬೈಕ್ ಬಿಟ್ಟರೆ ಮೀಟರ್ ಫೋಟೋ ತೆಗೆಯಿರಿ, ಒರಿಜಿನಲ್ ಆರ್‌ಸಿ ಮಾತ್ರ ಬೇಡ.

ಅಪಘಾತ ಆಯಿತು. ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು?

ಯಾರಿಗಾದರೂ ಗಾಯವಾಗಿದ್ದರೆ 108, ಪೊಲೀಸ್‌ಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಓಡಿಸುತ್ತಿದ್ದವರ ಕರ್ತವ್ಯ, ಪೊಲೀಸರಿಗೆ ಬೇಗ, ತಡವಾದರೆ 24 ಗಂಟೆಯೊಳಗೆ ತಿಳಿಸಬೇಕು. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ 1.5 ಲಕ್ಷದ ನಗದುರಹಿತ ಚಿಕಿತ್ಸೆಯ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ, ಆಸ್ಪತ್ರೆಯಲ್ಲಿ ಕೇಳಿ.

ಗಾಡಿ ಕದಲಿಸುವ ಮುಂಚೆ ಎರಡೂ ಗಾಡಿಯ ನಂಬರ್, ರಸ್ತೆಯ ಗುರುತು, ಬ್ರೇಕ್ ಗೆರೆ ಸೇರುವಂತೆ ಫೋಟೋ. ಆಮೇಲೆ ಸಂಸ್ಥೆಗೆ ಫೋನ್, ಹಿಂದೆಯೇ ಅದನ್ನೇ ಬರೆದು ಒಂದು ಮೆಸೇಜ್. ಫೋನ್ ಕರೆಗೆ ಸಾಕ್ಷಿ ಇಲ್ಲ. ಸ್ಥಳದಲ್ಲೇ ‘ಐದು ಸಾವಿರ ಕೊಟ್ಟು ಮುಗಿಸೋಣ’ ಎಂದು ರಾಜಿಯಾದರೆ ವಿಮೆಯ ದಾರಿ ಕಠಿಣವಾಗುತ್ತದೆ. ಖಾಲಿ ಕ್ಲೇಮ್ ಫಾರ್ಮಿಗೆ ಸಹಿ ಹಾಕಬೇಡಿ. ಕಾರೇ ಕಳ್ಳತನವಾದರೆ ಎಫ್‌ಐಆರ್ ಕೂಡಲೇ ಆಗಬೇಕು, ನಿಮ್ಮ ಬಳಿಯ ಕೀ ಜೋಪಾನ: ವಿಮಾ ಕಂಪನಿ ಎರಡೂ ಕೀ ಕೇಳುತ್ತದೆ, ಕೀ ಕಾರಲ್ಲೇ ಬಿಟ್ಟಿದ್ದರೆ ಅದೇ ನೆಪ.

ಒಂದು ಡೆಂಟ್‌ಗೆ 25,000 ಕೇಳುತ್ತಿದ್ದಾರೆ. ಕೊಡಬೇಕೇ?

ಬಾಯಿಲೆಕ್ಕಕ್ಕೆ ಕೊಡಬೇಡಿ. ಗ್ಯಾರೇಜಿನ ಎಸ್ಟಿಮೇಟ್, ಜಿಎಸ್‌ಟಿ ನಂಬರ್ ಇರುವ ಬಿಲ್, ಬದಲಿಸಿದ ಹಳೆಯ ಭಾಗದ ಫೋಟೋ, ವಿಮೆಯಲ್ಲಿ ಕ್ಲೇಮ್ ಮಾಡಿದ್ದಾರೆಯೇ, ಮಾಡಿದ್ದರೆ ಕಂಪನಿ ಎಷ್ಟು ಕೊಟ್ಟಿತು ಎಂಬ ಪತ್ರ, ಈ ನಾಲ್ಕನ್ನು ಬರವಣಿಗೆಯಲ್ಲಿ ಕೇಳಿ. ವಿಮೆಯಿಂದಲೂ ಪಡೆದು ನಿಮ್ಮಿಂದಲೂ ಪೂರ್ತಿ ಪಡೆಯಲು ಬರುವುದಿಲ್ಲ. ಗೀರು ಉಜ್ಜಿ ಪೇಂಟ್ ಮಾಡಿದ್ದಕ್ಕೆ ಹೊಸ ಬಂಪರಿನ ಬೆಲೆ ಹಾಕುವುದು ಹಳೆಯ ಚಾಳಿ, ಹಳೆಯ ಭಾಗದ ಫೋಟೋ ಕೇಳುವುದು ಅದಕ್ಕೇ.

ಒಪ್ಪದಿದ್ದರೆ 1915ಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಗಾಗಿ ಬೆಂಗಳೂರಿನ ಸಂಸ್ಥೆಯ ಮೇಲೆ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೇಸ್ ಹಾಕಲು ಅಡ್ಡಿಯಿಲ್ಲ. ಗಡುವು ಎರಡು ವರ್ಷ. ಪಾವತಿ 5 ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ.

ಡ್ರೈವರ್ ಸಮೇತ ಟ್ಯಾಕ್ಸಿ ಮಾಡಿದರೆ ಇದೆಲ್ಲ ಬೇಕೇ?

ಬೇಕಿಲ್ಲ. ಓಡಿಸುವವರು ಅವರು, ಕಾರಿನ ಹಾನಿಯೂ ಅವರದು. ಯೆಲ್ಲೋ ಬೋರ್ಡ್ ಇದೆಯೇ ನೋಡಿ.

ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡರೆ ಇದೇ ಲೆಕ್ಕವೇ?

ಹೆಸರುಗಳು ಬೇರೆ, ತೂಕವೂ ಬೇರೆ. ಅಲ್ಲಿ ಸಿಡಿಡಬ್ಲ್ಯು ಅಥವಾ ಎಲ್‌ಡಿಡಬ್ಲ್ಯು ಎನ್ನುವುದು ಕಾರಿನ ಹಾನಿಯನ್ನು ನಿಮ್ಮಿಂದ ಕೇಳುವುದಿಲ್ಲ ಎಂಬ ಭರವಸೆ. ಎರಡನೆಯದರಲ್ಲಿ ಕಳ್ಳತನವೂ ಸೇರುತ್ತದೆ. ಎಸ್‌ಎಲ್‌ಐ ಮೂರನೆಯವರಿಗೆ ಕೊಡಬೇಕಾದ ಪರಿಹಾರದ ಮೇಲ್ಪದರ. ನಮ್ಮಲ್ಲಿ ಥರ್ಡ್ ಪಾರ್ಟಿ ಗಾಯಕ್ಕೆ ಮಿತಿಯಿಲ್ಲದ ಹೊಣೆ ವಿಮಾ ಕಂಪನಿಯದು. ಅಲ್ಲಿ ಬಾಡಿಗೆ ಕಾರಿನ ಜೊತೆ ಸಿಗುವುದು ಹೆಚ್ಚೆಂದರೆ ಆ ರಾಜ್ಯದ ಕನಿಷ್ಠ ಮೊತ್ತ, ಆಸ್ಪತ್ರೆ ಖರ್ಚಿನ ಮುಂದೆ ಅದು ಏನೂ ಅಲ್ಲ. ಅಲ್ಲಿ ಸ್ವಂತ ಕಾರಿನ ಪಾಲಿಸಿ ಇಲ್ಲದ ಪ್ರವಾಸಿಗಳು ಸಿಡಿಡಬ್ಲ್ಯುಗಿಂತ ಮೊದಲು ಎಸ್‌ಎಲ್‌ಐ ಕೇಳಬೇಕು. ಇಲ್ಲಿಂದ ಮಾಡಿಸಿಕೊಂಡು ಹೋದ ಟ್ರಾವೆಲ್ ಇನ್ಶೂರೆನ್ಸ್‌ನ ಹೊಣೆಗಾರಿಕೆ ಭಾಗದಲ್ಲಿ ಮೋಟಾರು ವಾಹನವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಅದನ್ನು ನಂಬಿ ಕೂರಬೇಡಿ. ಮಗಳ ಹೆಸರಲ್ಲಿ ಅಲ್ಲಿ ಕಾರಿನ ಪಾಲಿಸಿ ಇದ್ದರೆ ಬಾಡಿಗೆ ಕಾರಿಗೂ ಅದು ಹಬ್ಬುತ್ತದೆಯೇ, ನೀವು ಓಡಿಸಿದರೂ ಹಬ್ಬುತ್ತದೆಯೇ ಎಂದು ಅವಳ ಏಜೆಂಟನ್ನು ಕೇಳಿಸಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನು ನಿಮ್ಮ ಊರಿನ ಆರ್‌ಟಿಒದಿಂದಲೇ ಪಡೆಯಬಹುದು: ಫಾರ್ಮ್ 4ಎ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಡಿಎಲ್ ಅವಧಿ ಅದಕ್ಕಿಂತ ಮೊದಲೇ ಮುಗಿಯುವುದಿದ್ದರೆ ಮೊದಲು ಡಿಎಲ್ ರಿನ್ಯೂ ಮಾಡಿಸಿ, ಆಮೇಲೆ ಇದಕ್ಕೆ ಅರ್ಜಿ ಹಾಕಿ.